ಬೇಲಿಯಾಚೆಯ ‘ಆಯ್ತಾ?’

ಯುದ್ಧ ನಿಂತ ಆ ದೇಶಕ್ಕೆ ಮಧ್ಯಂತರ ಸರ್ಕಾರ ರಚಿಸುವ ಮಾತುಕತೆ ಯೂರೋಪಿನ ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆಯುತ್ತಿದೆ ಎಂದು ಟೀವಿಯವರು ಹೇಳುತ್ತಾರೆ. ನಂಬಬೇಡಿ. ಅದು ನಡೆಯುವುದು ಐರ್ಲೆಂಡಿನ ಆಡಮ್ಸ್‌ಟೌನಿನಲ್ಲಿ, ನನ್ನ ಭಾವಮೈದನ ಊಟದ ಮೇಜಿನ ಮೇಲೆ.

ನಾನೂ ಹೆಂಡತಿಯೂ ಬೇಸಿಗೆ ಕಳೆಯಲು ಅವನ ಮನೆಗೆ ಹೋಗಿದ್ದೆವು. ಮೊದಲ ದಿನವೇ ಉಪ್ಪಿನಕಾಯಿ ಬಾಟಲಿಗೆ ಕೈ ಹಾಕಿದೆ.

“ಭಾವ, ಮುಟ್ಬೇಡಿ. ಅದು ಸೇನಾಪತಿ.”

ಕೆಚಪ್ ಬಾಟಲಿ ಬಂಡುಕೋರರ ನಾಯಕ. ನಡುವಿನ ತುಪ್ಪದ ಡಬ್ಬಿ ಸಂಧಾನಕ್ಕೆ ಬಂದ ರಾಯಭಾರಿ. ರಕ್ಷಣಾ ಖಾತೆ ತನಗೇ ಬೇಕೆಂದು ಇಬ್ಬರೂ ಹಟ ಹಿಡಿದಿದ್ದರಂತೆ.

“ಒಂದು ಹೋಳು ತಗೊಂಡ್ರೆ ಏನಾಗತ್ತಪ್ಪ?”

“ಸಭೆಯಿಂದ ಎದ್ದು ಹೋಗ್ತಾರೆ.”

“ಲೋ, ಮೊದ್ಲು ನಿನ್ನ ಮನೇಲಿ ಒಂದು ಸರ್ಕಾರ ಮಾಡೋ. ಸಿಂಕ್ ತುಂಬ ಪಾತ್ರೆ ಐತೆ” ಎಂದಳು ನನ್ನ ಹೆಂಡತಿ.

“ಪಾತ್ರೆ ಖಾತೆ ಇನ್ನೂ ಹಂಚಿಕೆ ಆಗಿಲ್ಲ ಅಕ್ಕ.”

ಮದುವೆಯಾಗದ ಮನುಷ್ಯ. ಇದ್ದ ಹೆಮ್ಮೆ ಒಂದೇ, ತಾನು ಹೇಳುವ ಸುದ್ದಿ ತಪ್ಪುವುದಿಲ್ಲ ಎಂಬುದು.

ಪಕ್ಕದ ಮನೆಯವನು ಆ ಯುದ್ಧ ನಿಂತ ದೇಶದವನು. ಸರ್ಕಾರವಾದರೆ ಅಲ್ಲಿನ ವಿಮಾನ ನಿಲ್ದಾಣ ತೆರೆಯುತ್ತದೆ, ಅವನ ತಾಯಿ ಇಲ್ಲಿಗೆ ಬರಬಹುದು. ಟೀವಿ ನೋಡಲು ಮಾತ್ರ ಅವನಿಗೆ ಧೈರ್ಯವಿಲ್ಲ. ಭಾವಮೈದ ಕಲಿಸಿದ ಒಂದೇ ಕನ್ನಡ ಪದದಲ್ಲಿ ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ ‘ಆಯ್ತಾ?’ ಎಂದು ಕೇಳುತ್ತಾನೆ. ಇವನು ಇಲ್ಲವೆಂದು ತಲೆಯಾಡಿಸುತ್ತಾನೆ. ಈ ಏರ್ಪಾಡು ನನಗೆ ತಿಳಿದದ್ದು ತಡವಾಗಿ.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ.

“ಆಯ್ತಾ?”

ಹೈಸ್ಕೂಲಿಗೆ ಓದು ಮುಗಿಸಿದ ನನಗೆ ಅಲ್ಲಿನವರ ಜೊತೆ ಇಂಗ್ಲಿಷ್ ಆಡಲು ಅಂಜಿಕೆ. ಕನ್ನಡ ಕೇಳಿ ಜೀವ ಬಂತು. ಬೆಳಗಿನ ಹೊತ್ತು ನಮ್ಮವರು ಇನ್ನೇನು ಕೇಳುತ್ತಾರೆ, ತಿಂಡಿಯ ವಿಚಾರ ತಾನೆ? ಹೊಟ್ಟೆ ಸವರಿಕೊಂಡು, “ಆಯ್ತು, ಆಯ್ತು. ಚೆನ್ನಾಗಾಯ್ತು” ಎಂದೆ.

ಅವನು ಬೇಲಿಯ ಮೇಲಿಂದಲೇ ನನ್ನ ಕೈಗೆ ಮುತ್ತಿಟ್ಟು ಒಳಗೆ ಓಡಿದ. ನಾನು ತಿಂದ ಉಪ್ಪಿಟ್ಟಿಗೆ ಇನ್ನೊಬ್ಬರು ಇಷ್ಟು ಸಂತೋಷಪಟ್ಟಿದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಬಂದು ನಗುತ್ತ ಹೇಳಿದಾಗ ಭಾವಮೈದ ಆ ‘ಆಯ್ತಾ?’ ಏನೆಂದು ಹೇಳುತ್ತಲೇ ಬಾಗಿಲಿಗೆ ಹೊರಟ.

ಇಬ್ಬರೂ ಪಕ್ಕದ ಮನೆಗೆ ಓಡಿದೆವು. ತಾಯಿಗೆ ಮೆಟ್ಟಿಲು ಹತ್ತಲಾಗದೆಂದು ಅವನು ಆಗಲೇ ಮಂಚವನ್ನು ಕೆಳಗಿನ ಕೋಣೆಗೆ ಎಳೆಯುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಭಾವಮೈದ ಇಂಗ್ಲಿಷಿನಲ್ಲಿ, ಸುದ್ದಿಯನ್ನು ತಾನೇ ತಪ್ಪಾಗಿ ಕೇಳಿಸಿಕೊಂಡು ನನಗೆ ಹೇಳಿದ್ದಾಗಿ ಒಪ್ಪಿಕೊಂಡ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ತಡೆಯಬೇಕಿತ್ತು. ತಡೆಯಲಿಲ್ಲ.

ಪಕ್ಕದ ಮನೆಯವನು ಮಂಚದ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಮಂಚದ ಒಂದು ತುದಿ ಹಿಡಿದ. ಭಾವಮೈದ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಕೆಳಗಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಒಯ್ದರು.

ಹೊರಗೆ ಬಂದು ಕೇಳಿದೆ: “ಯಾಕಪ್ಪ ಹಾಗಂದೆ?”

“ನೀವು ಊರಿಗೆ ಹೋಗೋರು ಭಾವ. ಅವ್ನ ಕೋಪ ತೀರೋವರ್ಗೂ ಎದುರಿಗೆ ಒಬ್ರು ಇರ್ಬೇಕಲ್ಲ.”