ಲಿಫ್ಟಿನ ಸ್ಟೂಲು

ಎಲ್ಲ ರಗಳೆಗೂ ಕಾರಣ ಒಂದು ಸ್ಟೂಲು. ಮೂರಂತಸ್ತಿನ ಬಟ್ಟೆ ಅಂಗಡಿಯ ಲಿಫ್ಟಿನ ಮೂಲೆಯಲ್ಲಿರುವ, ಸೀಟು ಹರಿದ ಸ್ಟೂಲು. ಅದರ ಮೇಲೆ ಹದಿನೆಂಟು ವರ್ಷ ಕೂತಿದ್ದ ಲಿಫ್ಟಿನವನು ನಿನ್ನೆ ನಿವೃತ್ತನಾಗಿದ್ದ. ಅದಿನ್ನು ಯಾರ ಪಾಲಿಗೆ ಅಂತ ಇವತ್ತು ಸಂಜೆ ಯಜಮಾನರು ಬಂದು ಹೇಳುವವರಿದ್ದರು.

ಬಾಗಿಲು ಕಾಯುವವನಿಗೆ ಅದು ಬರೀ ಸ್ಟೂಲಲ್ಲ, ಉಳಿದ ಆಯುಷ್ಯ. ಇಪ್ಪತ್ತೆರಡು ವರ್ಷದಿಂದ ಗಾಜಿನ ಬಾಗಿಲ ಪಕ್ಕ ನಿಂತೇ ಇದ್ದವನಿಗೆ ಈಗ ಬೆನ್ನುಮೂಳೆಯೊಳಗೆ ನರ ಹೋಗುವ ದಾರಿಯೇ ಕಿರಿದಾಗಿತ್ತು. ಹತ್ತು ನಿಮಿಷ ನೆಟ್ಟಗೆ ನಿಂತರೆ ಸೊಂಟದಿಂದ ಹಿಮ್ಮಡಿವರೆಗೆ ಉರಿ, ಆಮೇಲೆ ಕಾಲು ಇದೆಯೋ ಇಲ್ಲವೋ ಅನ್ನುವಂಥ ಜೋಮು. ಮುಂದಕ್ಕೆ ಬಾಗಿದರೆ ಮಾತ್ರ ಜೀವ ಬಂದಂತಾಗುತ್ತಿತ್ತು.

"ಸದ್ಯಕ್ಕೆ ಆಪರೇಷನ್ ಬೇಡ" ಅಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. "ಮಾತ್ರೆ, ಫಿಸಿಯೋಥೆರಪಿ, ಕೂತು ಸೈಕಲ್ ತುಳಿಯೋದು. ಕಡಿಮೆ ಆಗ್ಲಿಲ್ಲ ಅಂದ್ರೆ ಇಂಜೆಕ್ಷನ್ ನೋಡೋಣ. ಸೊಂಟದ ಬೆಲ್ಟು ದಿನಕ್ಕೆ ಒಂದೆರಡು ಗಂಟೆ ಸಾಕು. ಆದ್ರೆ ನಿಂತೇ ಇರೋ ಕೆಲಸ ಬಿಡಿ, ಹಿಂದಕ್ಕಂತೂ ಬಾಗಲೇಬೇಡಿ." ಕೂತು ಮಾಡುವ ಕೆಲಸ ಕೊಡಿ ಅಂತ ಚೀಟಿಯನ್ನೂ ಬರೆದುಕೊಟ್ಟಿದ್ದರು. ಅದು ಬೆಳಗಿನಿಂದ ಅವನ ಜೇಬಿನಲ್ಲಿ ಬೆವರಿಗೆ ನೆನೆಯುತ್ತಿತ್ತು.

ಅಂಗಡಿಯಲ್ಲಿ ಇನ್ನೊಬ್ಬನಿದ್ದ, ಶರ್ಟ್ ಕೌಂಟರಿನವನು. ಯಾರು ಸೀನಿದರೂ ಔಷಧಿ ಹೇಳುತ್ತಿದ್ದುದರಿಂದ ಅವನ ಹೆಸರೇ ಅರೆಡಾಕ್ಟರ್ ಅಂತಾಗಿತ್ತು.

"ಏನಣ್ಣಾ, ಗೂನು ಬಿದ್ದೋರ ಥರ ನಿಂತಿದ್ದೀಯ? ಬಾಗಿ ಬಾಗಿನೇ ನಿನ್ನ ಬೆನ್ನು ಹೋಗಿರೋದು. ಹಿಂದಕ್ಕೆ ಬಾಗು, ಎಲ್ಲ ಬಿಟ್ಕೊಳ್ಳುತ್ತೆ!"

"ಡಾಕ್ಟರಮ್ಮ ಬೇಡ ಅಂದಿದಾರೆ ಕಣೋ."

"ಅವರು ಓದಿರೋದು ಪುಸ್ತಕ. ನಾನು ನೋಡಿರೋದು ಬೆನ್ನು!"

ಕ್ಯಾಷಿನ ಅಕ್ಕ ಗಾಜಿನ ಹಿಂದಿನಿಂದಲೇ ಒಗ್ಗರಣೆ ಹಾಕಿದಳು. "ಅವನು ಹೇಳಿದ್ದು ಸರಿ. ಯಜಮಾನ್ರ ಮುಂದೆ ಹೀಗೆ ನಿಂತ್ರೆ ಸ್ಟೂಲಲ್ಲ, ಮನೆ ದಾರಿ ತೋರಿಸ್ತಾರೆ."

ಆ ಮಾತಿಗೆ ಬಾಗಿಲವನು ಹೆದರಿ ಒಪ್ಪಿಬಿಟ್ಟ. ಹೆದರಿದವನ ಮೇಲೆ ಹಗ್ಗ ಎಸೆದರೂ ಹಾವು. ಬಟ್ಟೆಯ ದೊಡ್ಡ ಸುರುಳಿಯೊಂದರ ಮೇಲೆ ಅವನನ್ನು ಅಂಗಾತ ಮಲಗಿಸಿ, ಅರೆಡಾಕ್ಟರ್ ಭುಜ ಹಿಡಿದು ಕೆಳಕ್ಕೆ ಒತ್ತಿದ.

"ಅಯ್ಯಯ್ಯೋ, ಸತ್ತೆ!"

"ಕೂಗು, ಕೂಗು. ನೋವು ಹೊರಗೆ ಹೋಗ್ತಿದೆ!"

ಎದ್ದು ನಿಂತಾಗ ಎಡಗಾಲು ಅವನದಾಗಿರಲಿಲ್ಲ. ಆಸರೆಗೆ ಅಂತ ಹಿಡಿದುಕೊಂಡದ್ದು ಸೀರೆ ಉಟ್ಟ ಬೊಂಬೆಯನ್ನು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಬೊಂಬೆಯ ಕೈ ಕಳಚಿತು, ಇವನ ಸೊಂಟ ಹಿಡಿದುಕೊಂಡಿತು. ಸಹಾಯಕ್ಕೆ ಬಂದವರೆಲ್ಲ ಮೊದಲು ಬೊಂಬೆಯನ್ನೇ ಎತ್ತಿದರು.

"ನಿನ್ನ ಬೆಲ್ಟು ಕಟ್ಟಿರೋದೇ ತಪ್ಪು. ಬಿಚ್ಚು, ತೋರಿಸ್ತೀನಿ" ಅಂತ ಅರೆಡಾಕ್ಟರ್ ಅದನ್ನು ತನ್ನ ಅಂಗಿಯ ಮೇಲೆಯೇ ಬಿಗಿಯಾಗಿ ಕಟ್ಟಿಕೊಂಡ.

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಬಾಗಿಲವನು ತೆವಳುತ್ತಾ ಹೋಗಿ ಬಾಗಿಲು ತೆಗೆದ. ನೆಟ್ಟಗಾಗಲು ನೋಡಿದ, ಆಗಲಿಲ್ಲ. ಸೊಂಟದಿಂದ ಮುರಿದಂತೆ ಬಾಗಿ, ತಲೆ ಯಜಮಾನರ ಮೊಣಕಾಲ ಮಟ್ಟಕ್ಕೆ ಬಂದು ನಿಂತಿತು. ಜೇಬಿನ ಚೀಟಿ ಜಾರಿ ಅವರ ಬೂಟಿನ ಕೆಳಗೆ ಸೇರಿತು.

ಯಜಮಾನರು ಗಕ್ಕನೆ ನಿಂತರು. ಅವರ ಕಣ್ಣು ತುಂಬಿ ಬಂದಿತ್ತು.

"ನೋಡ್ರಪ್ಪಾ, ಮರ್ಯಾದೆ ಅಂದ್ರೆ ಇದು! ಈ ಕಾಲದಲ್ಲಿ ಯಾರು ಹಿಂಗೆ ಬಗ್ತಾರೆ? ನೀನು ಸಾಯೋವರೆಗೂ ಈ ಬಾಗಿಲಲ್ಲೇ ಇರ್ಬೇಕು ಕಣಯ್ಯ. ಬಂದೋರಿಗೆಲ್ಲ ಹಿಂಗೇ ಬಗ್ಗು. ನಡುನಡುವೆ ಎದೆ ಸೆಟೆಸಿ ನೆಟ್ಟಗೆ ನಿಲ್ಲು, ಆಗ ಬಗ್ಗಿದ್ದು ಕಾಣ್ಸುತ್ತೆ."

"ಯಜಮಾನ್ರೇ, ನನ್ನ ಬೆನ್ನು..."

"ಮಾತಾಡ್ಬೇಡ. ನಿನ್ನ ಬೆನ್ನೇ ಎಲ್ಲ ಹೇಳ್ತಿದೆ."

ಆಮೇಲೆ ಅವರ ನೋಟ ಶರ್ಟ್ ಕೌಂಟರಿನತ್ತ ಹರಿಯಿತು.

"ಏನಪ್ಪಾ ಅದು ಸೊಂಟಕ್ಕೆ? ಬೆಲ್ಟ್ ಕಟ್ಕೊಂಡು ನಿಂತು ಕೆಲಸ ಮಾಡ್ತಿದ್ದೀಯ? ಒಂದು ಮಾತು ಹೇಳೋದಲ್ವಾ? ಹೋಗು, ಲಿಫ್ಟಲ್ಲಿ ಕೂತ್ಕೋ."

ಅರೆಡಾಕ್ಟರ್ ಸೊಂಟದ ಮೇಲೆ ಕೈಯಿಟ್ಟು ಒಂದು ಸಲ ನರಳಿದ. ನಂತರ ಹೋಗಿ ಸ್ಟೂಲಿನ ಮೇಲೆ ಕೂತ.

ಯಜಮಾನರು ಮೇಲಿನ ಮಹಡಿಗೆ ಹೋದ ಮೇಲೆ ಬಾಗಿಲವನು ಕುಂಟುತ್ತಾ ಲಿಫ್ಟಿನ ಹತ್ತಿರ ಬಂದ. "ಬೆಲ್ಟಾದ್ರೂ ಕೊಡೋ" ಅಂದ.

"ಕೊಡ್ತಿದ್ದೆ ಅಣ್ಣ, ನಿನ್ನಾಣೆ" ಅಂದ ಅರೆಡಾಕ್ಟರ್, ಲಿಫ್ಟಿನ ಗುಂಡಿ ಒತ್ತುತ್ತಾ. "ಆದ್ರೆ ಯಜಮಾನ್ರು ದಿನಾ ನೋಡ್ತಾರಲ್ಲ."