ಹಸಿದವರ ಪರ ನನ್ನ ವಕಾಲತ್ತು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಮಾತಾಡುವ ಚಟ. ನಾಲ್ಕು ಜನ ಎದುರಿಗೆ ಸಾಲಾಗಿ ಕೂತಿದ್ದರೆ ಸಾಕು, ಅದು ಬಸ್‌ಸ್ಟ್ಯಾಂಡಿನ ಬೆಂಚೇ ಆಗಲಿ, ಹಲ್ಲಿನ ಡಾಕ್ಟರ ವರಾಂಡವೇ ಆಗಲಿ, ನನ್ನ ನಾಲಿಗೆ ತುರಿಸತೊಡಗುತ್ತದೆ. ಹೀಗಾಗಿ ಶಿವಮೊಗ್ಗದ ನಮ್ಮ ಚರ್ಚಿನಲ್ಲಿ ‘ಹಸಿವು ನಿವಾರಣಾ ಪ್ರತಿನಿಧಿ’ ಎಂಬ ಸಂಬಳವಿಲ್ಲದ ಹುದ್ದೆ ಹುಟ್ಟಿಕೊಂಡಾಗ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕೆಲಸ ಮಾಡುವವರು ಆಗಲೇ ಇದ್ದರು. ನನ್ನ ಹೆಂಡತಿ ಸುಗುಣ ಮತ್ತು ಇನ್ನೂ ನಾಲ್ಕೈದು ಹೆಂಗಸರು ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಅಡುಗೆಮನೆಯಲ್ಲಿ ಅನ್ನ, ಸಾರು ಮಾಡಿ, ಆಸ್ಪತ್ರೆಯ ಹೊರಗಿನ ಮರದ ಕೆಳಗೆ ಬಡಿಸುತ್ತಿದ್ದರು. ರೋಗಿಗಳಿಗೆ ಒಳಗೆ ಊಟ ಸಿಗುತ್ತದೆ. ಅವರನ್ನು ನೋಡಿಕೊಳ್ಳಲು ಹಳ್ಳಿಗಳಿಂದ ಬಂದವರು ಮಾತ್ರ ಬನ್ನು, ನೀರು ನಂಬಿಕೊಂಡು ಆ ಮರದ ಕೆಳಗೆ ಕೂತಿರುತ್ತಾರೆ. ಅವರ ಪರವಾಗಿ ಅಲ್ಲಿ ಇಲ್ಲಿ ಹೋಗಿ ಮಾತಾಡಿ, ಅಕ್ಕಿ ಬೇಳೆ ತರುವುದು ನನ್ನ ಕೆಲಸ. ಹಸಿವಿನ ಬಗ್ಗೆ ಮಾತಾಡುವವನಿಗೆ ಇಷ್ಟು ದೊಡ್ಡ ಹೊಟ್ಟೆ ಇರಬಾರದು ಎಂದು ಸುಗುಣ ಆಕ್ಷೇಪಿಸಿದಳು. ನಮ್ಮ ಚರ್ಚಿನ ಸಭಾಪಾಲಕರು ಅದನ್ನು ಕೇಳಿಸಿಕೊಳ್ಳಲಿಲ್ಲ.

ಒಂದು ಭಾನುವಾರ ಅನ್ನ ಸಾಲಲಿಲ್ಲ. ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಖಾಲಿ ಪಾತ್ರೆಯೊಳಗೆ ಇಣುಕಿ, “ಇರ್ಲಿ ಬಿಡಿ ಅಕ್ಕಾ, ನಂಗೇನೂ ಅಷ್ಟು ಹಸಿವಿರ್ಲಿಲ್ಲ” ಎಂದು ನಮ್ಮನ್ನೇ ಸಮಾಧಾನ ಮಾಡಿ ಹೋದಳು. ದುರ್ಗಿಗುಡಿಯ ನಮ್ಮ ಮನೆಗೆ ಬಂದ ಮೇಲೆ ಸುಗುಣ ಅವತ್ತು ಊಟಕ್ಕೇ ಕೂರಲಿಲ್ಲ. ನಾನು ಕೂತೆ, ಆದರೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಭದ್ರಾವತಿಯ ಕಾರ್ಖಾನೆ ಕಡೆ ಒಂದು ಸಣ್ಣ ತಮಿಳು ಚರ್ಚು ಇದೆ, ಅಲ್ಲಿ ಹೋಗಿ ಕೇಳಿ ಎಂದು ಸಭಾಪಾಲಕರು ಹೇಳಿದರು. ತಕ್ಷಣ ನಾನು ತಮಿಳಿನಲ್ಲೇ ಭಾಷಣ ಮಾಡುವುದೆಂದು ತೀರ್ಮಾನಿಸಿದೆ. “ರೀ, ಸುಮ್ನೆ ಕನ್ನಡದಲ್ಲಿ ಕೇಳಿ. ಭದ್ರಾವತಿಯವರಿಗೆ ಕನ್ನಡ ಬರಲ್ವಾ?” ಅಂದಳು ಸುಗುಣ. ಅವಳಿಗೆ ಭಾಷಾಶಾಸ್ತ್ರ ಗೊತ್ತಿಲ್ಲ. ನನ್ನ ಪ್ರಕಾರ ತಮಿಳು ಬೇರೆ ಭಾಷೆಯೇ ಅಲ್ಲ. ನಮ್ಮ ‘ಹ’ ತೆಗೆದು ‘ಪ’ ಹಾಕಿದರೆ ಮುಗಿಯಿತು. ಹಾಲು ಪಾಲ್, ಹಲ್ಲು ಪಲ್, ಹಣ ಪಣಂ. ತ್ಯಾವರೆಕೊಪ್ಪದ ಸಫಾರಿಯ ಹುಲಿ ತಪ್ಪಿಸಿಕೊಂಡು ಭದ್ರಾವತಿಗೆ ಹೋದರೆ ಪುಲಿ. ಹಸಿವು ಅಂದರೆ ಪಸಿ, ಇದಕ್ಕೆ ಮೇಷ್ಟ್ರು ಯಾಕೆ ಬೇಕು? ಆದರೂ ಭದ್ರತೆಗಿರಲಿ ಎಂದು ಆಫೀಸಿನ ಗೆಳೆಯ ಸೆಲ್ವಂ ಹತ್ತಿರ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡೆ. ಮುಖ್ಯವಾದದ್ದು: ‘ಅವಂಗಳುಕ್ಕು ರೊಂಬ ಪಸಿಕ್ಕುದು, ಅರಿಸಿ ಕುಡುಂಗ.’ ಅವರಿಗೆ ತುಂಬಾ ಹಸಿವಾಗಿದೆ, ಅಕ್ಕಿ ಕೊಡಿ ಎಂದರ್ಥ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುತ್ತಾ ಹೆಲ್ಮೆಟ್ಟಿನೊಳಗೇ ಅಭ್ಯಾಸ ಮಾಡಿದೆ. ಮಾಚೇನಹಳ್ಳಿ ಹತ್ತಿರ ಲಾರಿಯವನೊಬ್ಬ ನನ್ನ ಪಕ್ಕಕ್ಕೇ ಬಂದು, “ಏನ್ ಮಾರಾಯ, ಯಾರಿಗ್ ಬೈತಿದೀಯ?” ಎಂದು ಕೇಳಿದ.

ಆರಾಧನೆಯ ಕೊನೆಯಲ್ಲಿ ನನ್ನನ್ನು ಕರೆದರು. ‘ಸ್ತೋತ್ರಂ’ ಎಂದು ವಂದಿಸಿದೆ. ಎಲ್ಲರೂ ‘ಸ್ತೋತ್ರಂ’ ಎಂದರು. ಅಲ್ಲಿಯವರೆಗೆ ನನ್ನ ತಮಿಳಿನಲ್ಲಿ ದೋಷವಿರಲಿಲ್ಲ. ಆಮೇಲೆ ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿದ್ದಕ್ಕೋ, ಬೆಳಿಗ್ಗೆ ತಿಂಡಿ ಬಿಟ್ಟು ಬಂದಿದ್ದಕ್ಕೋ, ‘ಅವರಿಗೆ’ ಅನ್ನುವುದು ಜಾರಿ ‘ನನಗೆ’ ಆಗಿಬಿಟ್ಟಿತು. ಎದೆಯ ಮೇಲೆ ಕೈಯಿಟ್ಟು, ಗದ್ಗದ ಕಂಠದಿಂದ, “ಎನಕ್ಕು ರೊಂಬ ಪಸಿಕ್ಕುದು, ಅರಿಸಿ ಕುಡುಂಗ” ಎಂದೆ. ನನಗೆ ತುಂಬಾ ಹಸಿವಾಗಿದೆ, ಅಕ್ಕಿ ಕೊಡಿ! ಸಭೆಯವರ ದೃಷ್ಟಿ ನನ್ನ ಬಾಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಬಾಯಿಗೆ ಓಡಾಡಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು “ಅಯ್ಯೋ ಪಾವಂ” ಎಂದು ಮರುಗಿದರು. ಮಾತು ನಾಟಿತು ಎಂದುಕೊಂಡು ನಾನು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳಿದೆ.

ಹೊರಗೆ ಬರುತ್ತಲೇ ಐವತ್ತು ದಾಟಿದ ಒಬ್ಬ ಗಟ್ಟಿ ಹೆಂಗಸು ಕೈ ಹಿಡಿದೇ ಕರೆದೊಯ್ದರು. ಹೆಸರು ಮೇರಿಯಕ್ಕ, ಅಲ್ಲಿನ ಮಹಿಳಾ ಸಂಘದ ಮುಖ್ಯಸ್ಥೆ. ಪಕ್ಕದ ಓಣಿಯಲ್ಲೇ ಅವರ ಮನೆ. ಕೂರಿಸಿದರು, ತಟ್ಟೆ ಇಟ್ಟರು, ಅನ್ನ ಸುರಿದರು, ಮೇಲೆ ಮೀನು ಸಾರು. “ಹಸೀ ಅಕ್ಕಿ ಯಾಕೆ ಅಣ್ಣಾ, ಅನ್ನಾನೇ ಇದೆ. ಮೊದ್ಲು ತಿನ್ನಿ” ಅಂದರು ಅಚ್ಚಗನ್ನಡದಲ್ಲಿ. ನನ್ನ ಮುಖ ಕೆಂಪಾಯಿತು. ಏನಾಗಿದೆ ಎಂದು ಆಗ ಹೊಳೆಯಿತು. “ನಿಮ್ಗೆ ಕನ್ನಡ ಬರುತ್ತಾ?” ಎಂದೆ. “ನಮ್ ತಾತನ ಕಾಲದಿಂದ ಇಲ್ಲೇ ಇದೀವಿ, ಬರದೆ ಏನು? ಈಗ ಸರಿಯಾಗಿ ಹೇಳಿ, ನಿಮ್ಗೆ ಏನ್ ಬೇಕಿತ್ತು?”

ಬಾಯಿ ತುಂಬ ಅನ್ನವಿತ್ತು. ಹಾಗಾಗಿ ಭಾಷಣ ಮಾಡಲು ಅನುಕೂಲವಿರಲಿಲ್ಲ. ಖಾಲಿ ಪಾತ್ರೆ ಇಣುಕಿ ನೋಡಿ ಹೋದ ಹೆಂಗಸಿನ ವಿಷಯವನ್ನಷ್ಟೇ, ನಡೆದ ಹಾಗೆ ಹೇಳಿದೆ. ಮೇರಿಯಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು ನನ್ನ ಎದುರಿಗೆ ಕೂತರು. “ನಮ್ಮೆಜಮಾನ್ರು ಅಲ್ಲಿ ಅಡ್ಮಿಟ್ ಆಗಿದ್ದಾಗ ನಾನೂ ಅದೇ ಮರದ ಕೆಳಗೆ ಕೂತಿದ್ದೆ ಅಣ್ಣಾ. ಯಾರಾದ್ರೂ ಕೇಳಿದ್ರೆ ಊಟ ಆಯ್ತು ಅಂತಿದ್ದೆ” ಎಂದರು. ಆಮೇಲೆ ಕೇಳಿದರು, “ಅಡುಗೆ ಯಾರು ಮಾಡೋದು?” ನನ್ನ ಹೆಂಡತಿ, ಅವಳಿಗೀಗ ಭುಜ ನೋವು ಎಂದೆ. “ಅದನ್ನ ಮೊದ್ಲು ಹೇಳಬಾರ್ದಾ!” ಎಂದು ಗದರಿ, ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದರು.

ಮುಂದಿನ ಭಾನುವಾರ ಅವರು ಒಂದು ಟೆಂಪೋ ಮಾಡಿಕೊಂಡು ನಮ್ಮ ಚರ್ಚಿಗೆ ಬಂದಿಳಿದರು: ಅಕ್ಕಿ ಮೂಟೆ, ಎರಡು ದೊಡ್ಡ ಪಾತ್ರೆ, ಏಳೆಂಟು ಹೆಂಗಸರು. ಸುಗುಣಳನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಕೈಯಿಂದ ಸೌಟು ಕಿತ್ತುಕೊಂಡರು. ಅವತ್ತು ಮರದ ಕೆಳಗೆ ಚಾಪೆ ಹಾಸಿ, ಬಂದವರಿಗೆಲ್ಲ ಬಡಿಸಿ, ಬೇಕು ಅಂದವರಿಗೆ ಮತ್ತೆ ಹಾಕಿದರು. ಅಲ್ಲೇ ಪಕ್ಕದಲ್ಲಿ ಕೂತಿದ್ದ ಸುಗುಣ ಕಣ್ಣೊರೆಸಿಕೊಂಡು, ನಾನು ನೋಡುತ್ತಿರುವುದು ಕಂಡು, ಈರುಳ್ಳಿ ಘಾಟು ಅಂದಳು. ಈರುಳ್ಳಿ ಹೆಚ್ಚಿ ಎರಡು ಗಂಟೆಯಾಗಿತ್ತು.

ಇಂಥ ಸಂದರ್ಭದಲ್ಲಿ ಪ್ರತಿನಿಧಿಯಾದವನು ಎರಡು ಮಾತಾಡದಿದ್ದರೆ ಹೇಗೆ? ನಾನು ಗಂಟಲು ಸರಿಮಾಡಿಕೊಂಡೆ. “ಅಣ್ಣಾ, ಮೊದ್ಲು ಎಲ್ರೂ ಉಣ್ಲಿ” ಅಂದರು ಮೇರಿಯಕ್ಕ. ಉಂಡರು. ಉಂಡವರು ಕೈ ತೊಳೆದು ತಮ್ಮ ತಮ್ಮ ರೋಗಿಗಳ ಕಡೆ ಓಡಿದರು. ಕೊನೆಗೆ ಉಳಿದವರು ಒಬ್ಬ ಮುದುಕರು. ಇರಲಿ, ಒಬ್ಬರಾದರೂ ಸಭೆಯೇ. ಕರುಣೆ, ಹಂಚಿ ತಿನ್ನುವುದು, ನೆರೆಹೊರೆಯವರನ್ನು ಪ್ರೀತಿಸುವುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದೆ. ಅವರು ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ಒಂದು ಹೆಜ್ಜೆಯೂ ಕದಲದೆ ಕೊನೆಯವರೆಗೂ ಕೇಳಿದರು. ಇಷ್ಟು ವರ್ಷದಲ್ಲಿ ಅಂಥ ಶ್ರೋತೃ ನನಗೆ ಸಿಕ್ಕಿರಲಿಲ್ಲ. ಮುಗಿಸಿ, ತೃಪ್ತಿಯಿಂದ, “ಏನಾದ್ರೂ ಹೇಳ್ಬೇಕಾ ಯಜಮಾನ್ರೇ?” ಎಂದು ಕೇಳಿದೆ.

“ಹೂಂ ಸ್ವಾಮಿ,” ಎಂದರು ಅವರು ಬಹಳ ವಿನಯದಿಂದ, “ಸ್ವಲ್ಪ ಕಾಲೆತ್ತಿ. ನನ್ ಚಪ್ಲಿ ಮೇಲೆ ನಿಂತಿದೀರಿ.”