ಅಕ್ಕನ ಬದನೆ ಪಾತಿ, ನನ್ನ ಇಸ್ಪೀಟು

ನಮ್ಮಕ್ಕ ನೆಂಟರನ್ನು ಹೇಗಿದ್ದೀರಿ ಎಂದು ಕೇಳಿದ್ದನ್ನು ನಾನು ಕಂಡವನಲ್ಲ. ಸೋರೆ ಬಳ್ಳಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು! ಬಳ್ಳಿ ಹೂವು ಉದುರಿಸಿತೋ, ತೆಲುಗಿನಲ್ಲಿ ಬೈಗುಳ: "ಏಮೇ, ಸಿಗ್ಗು ಲೇದಾ ನೀಕು?" ನಾಚಿಕೆ ಇಲ್ಲವೇನೇ ನಿನಗೆ, ಅಂತ.

"ಕನ್ನಡದಲ್ಲೇ ಬೈಯಕ್ಕಾ" ಎಂದರೆ, "ಬೀಜ ಚಿಂತಾಮಣಿ ಆಚೆ ತೆಲುಗು ಸೀಮೆಯಿಂದ ಬಂದಿದ್ದು ಕಣೋ. ಕನ್ನಡ ಕಲಿಯೋಕೆ ಅದೇನು ಇಸ್ಕೂಲಿಗೆ ಹೋಗಿತ್ತಾ? ಹೋದ ನೀನೇ ಮೂರನೇ ಕ್ಲಾಸಿಗೇ ಬಿಟ್ಟು ಓಡಿ ಬಂದೆ!"

ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ನಮಗೆ ಕೂರಲು ಬಿಡುವಿಲ್ಲ. ಪಾತಿ ಕಟ್ಟು, ಬೆಂಡೆ ಬೀಜ ನೆನೆಹಾಕು, ಹೀರೆಗೆ ಚಪ್ಪರ ಹಾಕು. ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ಬಾವಿಯಿಂದ ಸೇದಿದ್ದೇ ನೀರು. ಅಂಥದೊಂದು ಮಧ್ಯಾಹ್ನ ಮಂಡಿಕಲ್ಲಿನಿಂದ ಹೆಣ್ಣಿನ ತಂದೆ ನನ್ನನ್ನು ನೋಡಲು ಬಂದರು. ಜಗುಲಿಯ ಮೇಲೆ ಕೊಡೆ ಇಟ್ಟು, ಕಾಫಿ ಕುಡಿದು ಏಳುವಷ್ಟರಲ್ಲಿ ಕೊಡೆ ಮಾಯ! ನೋಡಿದರೆ ಹಿತ್ತಿಲಲ್ಲಿ ಮೆಣಸಿನ ಸಸಿಗಳ ಮೇಲೆ ಬಿಚ್ಚಿಕೊಂಡು ನಿಂತಿದೆ.

"ಸಾಯಂಕಾಲ ತಗೊಂಡೋಗಿ ಯಜಮಾನ್ರೇ. ನೀವು ದೊಡ್ಡವರು, ಬಿಸಿಲು ತಡೀತೀರಿ. ಅವು ನೆನ್ನೆ ನೆಟ್ಟಿರೋವು."

ಆ ಸಂಬಂಧ ಒಣಗಿತು. ಮೆಣಸಿನ ಸಸಿ ಚಿಗುರಿತು.

ನಗುತ್ತಿದ್ದೀರಾ? ನಗಿ. ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಅಮ್ಮ ಸಾಯುವ ಮುಂಚೆ ಅಕ್ಕನಿಗೆ ಕೊಟ್ಟು ಹೋಗಿದ್ದು ಗುಂಡು ಬದನೆಯ ಬೀಜ. ವರ್ಷಾವರ್ಷ ಅಕ್ಕ ಅದನ್ನು ಬೆಳೆದು, ಹಣ್ಣು ಮಾಡಿ, ಮತ್ತೆ ಬೀಜ ತೆಗೆದಿಡುತ್ತಿದ್ದಳು. ಆ ಸಲ ಹುಳು ತಿಂದು ಉಳಿದಿದ್ದು ಒಂದು ಚಿಟಿಕೆ. ಅಷ್ಟನ್ನೂ ಹಾಕಿ, ಸಸಿ ನಾಟಿ ಮಾಡಿದ ಮಾರನೆಯ ದಿನವೇ ಅಕ್ಕ ತೊಂಡೇಬಾವಿಗೆ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಹೋಗಬೇಕಾಯಿತು.

"ಬೆಳಿಗ್ಗೆ ಸಂಜೆ ಕೈಯಲ್ಲೇ ನೀರು ಚಿಮುಕ್ಸು. ಮಧ್ಯಾಹ್ನ ಹೊಂಗೆ ಸೊಪ್ಪು ಮುಚ್ಚು. ಮರೀಬೇಡಪ್ಪಾ."

ಮರೆಯಲಿಲ್ಲ. ಅರಳೀಕಟ್ಟೆಯ ಇಸ್ಪೀಟಿನಲ್ಲಿ ಎಲೆ ಚೆನ್ನಾಗಿ ಬೀಳುತ್ತಿತ್ತು, ಏಳಲಿಲ್ಲ, ಅಷ್ಟೆ! ಮೂರನೆಯ ದಿನ ಪಾತಿಗೆ ಹೋದರೆ ಸಸಿಗಳು ನಶ್ಯದ ಪುಡಿಯಾಗಿದ್ದವು. ಮುದ್ದೇನಹಳ್ಳಿಗೆ ಓಡಿದೆ, ಗುರುತಿನವರ ತೋಟದಲ್ಲಿ ಬದನೆ ಸಸಿ ಬೇಡಿದೆ, ಅದೇ ಗುಳಿಗಳಲ್ಲಿ ನೆಟ್ಟು ಬುದ್ಧಿವಂತನಾದೆ.

ಅಕ್ಕ ಬಂದವಳೇ ಒಂದು ಎಲೆ ಮುಟ್ಟಿದಳು. "ಚೆನ್ನಾಗಿ ನೋಡ್ಕೊಂಡಿದ್ದೀಯ" ಎಂದಳು.

ಆದರೆ ಕಾಯಿಗೆ ಯಾರು ಬುದ್ಧಿ ಹೇಳುತ್ತಾರೆ? ನೇರಳೆ ಗುಂಡು ಬಿಡಬೇಕಾದ ಗಿಡದಲ್ಲಿ ಉದ್ದುದ್ದ ಹಸಿರು ಕಾಯಿ ನೇತಾಡಿದವು. ಪಕ್ಕದ ಮನೆಯ ಅಜ್ಜಿ ಬೇಲಿಯಿಂದಲೇ ಕೂಗಿತು: "ಏನಮ್ಮಾ, ನಿಮ್ಮಮ್ಮನ ಬದನೇಕಾಯಿ ಗುಂಡಗಿರ್ತಿತ್ತಲ್ಲ?"

"ನೀರು ಹಾಕಿದ್ದು ನಮ್ಮ ಹುಡುಗ ಅಲ್ವಾ ಅಜ್ಜೀ? ಅವನಂಗೇ ಕೆಲಸಕ್ಕೆ ಬಾರದಷ್ಟು ಉದ್ದ ಬೆಳೆದವೆ!"

ಅಜ್ಜಿ ನಕ್ಕಿತು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅಂದು ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಅಕ್ಕ ನೀರಿಗೆ ಹೋಗಿದ್ದ ಬಾವಿಯ ಹತ್ತಿರ ಹೋಗಿ ನಿಂತೆ.

"ಅಕ್ಕಾ, ಅಮ್ಮನ ಬೀಜ... ನಾನೇ ಒಣಗಿಸಿಬಿಟ್ಟೆ."

"ಗೊತ್ತು ಕಣೋ. ಬಂದ ದಿನವೇ ಗೊತ್ತಾಯ್ತು. ನಮ್ಮ ಬದನೆ ಎಲೇಲಿ ಮುಳ್ಳಿರ್ತದೆ."

"ಮತ್ತೆ ಬೈಲಿಲ್ವಲ್ಲಕ್ಕಾ?"

ಅಕ್ಕ ಬಿಂದಿಗೆಯ ಕುತ್ತಿಗೆಗೆ ಹಗ್ಗ ಬಿಗಿದಳು.

"ಅಮ್ಮ ಹೋಗೋವಾಗ ನನ್ನ ಕೈಗೆ ಕೊಟ್ಟಿದ್ದು ಎರಡೇ ಕಣಪ್ಪಾ. ಆ ಬೀಜ, ಮತ್ತೆ ಆರು ತಿಂಗಳ ನೀನು. ಒಂದಾದ್ರೂ ಉಳೀತಲ್ಲ" ಎಂದಳು. "ಇಲ್ಲಿ ಯಾಕೆ ಅಳ್ತಾ ನಿಂತಿದ್ದೀಯ? ನೀರು ಸೇದು."